‘ಸರ್ವರ್ ಬಂತಾ?’ ಅನ್ನೋ ಫೋನಿಗೊಂದು ಪುಟ

ಸೋಮವಾರ ಬೆಳಿಗ್ಗೆ ಹತ್ತೂಕಾಲು. ಒಂದು ಕೈ ಕೀಬೋರ್ಡ್ ಮೇಲೆ, ಇನ್ನೊಂದು ಕೈಯಲ್ಲಿ ಫೋನು.

“ಸರ್ವರ್ ಬಂತಾ?”

“ಇಲ್ಲ ಅಕ್ಕ, ನೋಡ್ತಾ ಇದೀನಿ.”

ಇಟ್ಟ ಕೂಡಲೇ ಇನ್ನೊಂದು. “ಏನ್ ಮಾರಾಯ್ರೆ, ಇಲ್ಲಿ ಬಾಗಿಲ ತನಕ ಜನ ನಿಂತಿದಾರೆ. ಎಷ್ಟೊತ್ತಾಗುತ್ತೆ ಅಂತ ಹೇಳಲಿ?”

ನಮ್ಮದು ಶಿವಮೊಗ್ಗದಲ್ಲಿ ಹೆಡ್ ಆಫೀಸ್ ಇರುವ ಒಂದು ಸಹಕಾರ ಸಂಘ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಕಡೆ ಎಲ್ಲ ಸೇರಿ ಹನ್ನೊಂದು ಶಾಖೆ. ಸಾಲ, ಠೇವಣಿ, ಅಡಿಕೆ ವ್ಯಾಪಾರ ಎಲ್ಲವೂ ಒಂದೇ ಸಾಫ್ಟ್‌ವೇರ್‌ನಲ್ಲಿ. ಕಂಪ್ಯೂಟರ್ ವಿಭಾಗ ಅಂದರೆ ನಾನು, ಜೊತೆಗೆ ಅರ್ಧ ಹೊತ್ತು ಲೆಕ್ಕಪತ್ರ ನೋಡುವ ಒಬ್ಬ ಹುಡುಗ. ಏನಾದರೂ ಕೆಟ್ಟ ದಿನ ಹನ್ನೊಂದು ಶಾಖೆಯವರೂ ಎರಡೆರಡು ಸಲ ಫೋನ್ ಮಾಡಿದರೆ ರಿಪೇರಿ ಮಾಡುವ ಹೊತ್ತೆಲ್ಲ ಉತ್ತರ ಹೇಳುವುದಕ್ಕೇ ಹೋಗುತ್ತದೆ. ಅವರದ್ದೂ ತಪ್ಪಲ್ಲ. ಎದುರಿಗೆ ನಿಂತ ಸದಸ್ಯರಿಗೆ ಅವರು ಏನಾದರೂ ಹೇಳಬೇಕಲ್ವಾ?

ಹಾಗಾಗಿ ಏಪ್ರಿಲ್‌ನಲ್ಲಿ, ವರ್ಷದ ಲೆಕ್ಕ ಮುಗಿದ ಮೇಲೆ, ಒಂದು ಸ್ಥಿತಿ ಪುಟ ಮಾಡೋಣ ಅಂತ ಕೂತೆ. ಯಾವುದು ನಡೆಯುತ್ತಿದೆ, ಯಾವುದು ನಿಂತಿದೆ ಅಂತ ಶಾಖೆಯವರೇ ಮೊಬೈಲಿನಲ್ಲಿ ನೋಡಿಕೊಳ್ಳುವ ಪುಟ. ಒಂದು ವಾರದ ಕೆಲಸ ಅಂದುಕೊಂಡಿದ್ದೆ. ಮಳೆಗಾಲ ಮುಗಿಯುತ್ತಾ ಬಂತು, ಇನ್ನೂ ತಿದ್ದುತ್ತಲೇ ಇದ್ದೇನೆ.

ಮೊದಲ ಆವೃತ್ತಿ ಸುಲಭಕ್ಕೆ ಆಯಿತು. ಅಪ್‌ಟೈಮ್ ಕುಮಾ ಅಂತ ಒಂದು ಮುಕ್ತ ತಂತ್ರಾಂಶ ಇದೆ. ಕುಮಾ ಅಂದರೆ ಜಪಾನಿ ಭಾಷೆಯಲ್ಲಿ ಕರಡಿ. ನಿಮ್ಮ ಸರ್ವರ್‌ಗಳನ್ನು ನಿಮಿಷಕ್ಕೊಮ್ಮೆ ತಟ್ಟಿ ನೋಡುತ್ತದೆ, ಉತ್ತರ ಬಂದರೆ ಹಸಿರು, ಬರದಿದ್ದರೆ ಕೆಂಪು. ಮೂಲೆಯಲ್ಲಿ ಬಿದ್ದಿದ್ದ 4 ಜಿಬಿ ರ‍್ಯಾಮ್‌ನ ಹಳೇ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕಿ, ತಂತ್ರಾಂಶವನ್ನು ಡಬ್ಬಿಯಲ್ಲಿಟ್ಟ ಹಾಗೆ ಬೇರೆಯಾಗಿ ಓಡಿಸುವ ಡಾಕರ್ ಹಾಕಿ, ಅದರೊಳಗೆ ಕುಮಾ ಓಡಿಸಿದೆ. 3001ನೇ ಪೋರ್ಟ್‌ನಲ್ಲಿ, ಅಂದರೆ ಆ ಕಂಪ್ಯೂಟರಿನ 3001ನೇ ಬಾಗಿಲಲ್ಲಿ, ಪುಟ ತೆರೆಯಿತು. ಮಧ್ಯಾಹ್ನ ಊಟಕ್ಕೆ ಮುಂಚೆ ಶುರು ಮಾಡಿದ್ದು, ಸಂಜೆ ಟೀ ಹೊತ್ತಿಗೆ ಒಂಬತ್ತು ಹಸಿರು ಪಟ್ಟಿ ಕಾಣುತ್ತಿದ್ದವು. ಆ ಡೆಸ್ಕ್‌ಟಾಪನ್ನು ಸರ್ವರ್ ರೂಮಿನಲ್ಲೇ, ಸರ್ವರ್ ಪಕ್ಕದಲ್ಲೇ, ಅದೇ ಯುಪಿಎಸ್‌ಗೆ ಚುಚ್ಚಿ ಇಟ್ಟೆ.

ಹೌದು. ಅದೇ ಯುಪಿಎಸ್‌ಗೆ.

ಜೂನ್ ಮೊದಲ ವಾರದ ಗಾಳಿ ಮಳೆಗೆ ಬೆಳಿಗ್ಗೆ ಕರೆಂಟ್ ಹೋಯಿತು. ಬ್ಯಾಟರಿ ಮುದಿಯಾಗಿತ್ತು, ಜನರೇಟರ್ ಹತ್ತುವ ತನಕ ತಡೆಯಲಿಲ್ಲ. ಸರ್ವರ್ ಮಲಗಿತು, ಅದು ಮಲಗಿದೆ ಅಂತ ಹೇಳಬೇಕಾದ ಡೆಸ್ಕ್‌ಟಾಪೂ ಪಕ್ಕದಲ್ಲೇ ಮಲಗಿತು. ಫೋನ್ ಬಂತು. “ಸರ್ವರ್ ಇಲ್ಲ ಅಂತ ಗೊತ್ತಾಯ್ತು. ನೀವು ಕೊಟ್ಟ ಪೇಜೂ ಬರ್ತಿಲ್ಲವಲ್ಲ, ಅದಕ್ಕೆ ಬೇರೆ ಪೇಜ್ ಉಂಟಾ?” ತೀರ್ಥಹಳ್ಳಿ ಕಡೆಯ ಕ್ಯಾಷಿಯರ್ ಅಕ್ಕ. ಅವರು ಹಾಸ್ಯಕ್ಕೆ ಕೇಳಿದ್ದಾ, ನಿಜಕ್ಕೂ ಕೇಳಿದ್ದಾ ಅಂತ ಇವತ್ತಿಗೂ ಗೊತ್ತಾಗಿಲ್ಲ.

ನನಗೊಬ್ಬನಿಗೇ ಆದ ಅವಮಾನ ಅಲ್ಲ ಅನ್ನುವುದೊಂದೇ ಸಮಾಧಾನ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಸಂಗ್ರಹ ಸೇವೆ ಅಮೆರಿಕದ ಒಂದು ವಲಯದಲ್ಲಿ ಗಂಟೆಗಟ್ಟಲೆ ನಿಂತಿತ್ತು. ರಿಪೇರಿಗೆ ಕೂತವರು ಒಂದು ಕಮಾಂಡನ್ನು ತಪ್ಪಾಗಿ ಕೊಟ್ಟು, ಬೇಕಾದ್ದಕ್ಕಿಂತ ಜಾಸ್ತಿ ಸರ್ವರ್‌ಗಳನ್ನು ತೆಗೆದುಬಿಟ್ಟಿದ್ದರು. ಆಗ ಅವರ ಸ್ಥಿತಿ ಪುಟವನ್ನು ತಿದ್ದುವುದಕ್ಕೂ ಆಗಲಿಲ್ಲ, ಯಾಕಂದರೆ ಅದನ್ನು ತಿದ್ದುವ ವ್ಯವಸ್ಥೆಯೂ ಎಸ್3ಯನ್ನೇ ನಂಬಿಕೊಂಡಿತ್ತು. ಕೊನೆಗೆ ಟ್ವಿಟರ್‌ನಲ್ಲಿ ಸುದ್ದಿ ಹೇಳಿದರು. ಅವರಿಗೆ ಟ್ವಿಟರ್, ನನಗೆ ಲ್ಯಾಂಡ್‌ಲೈನ್.

ಎರಡನೇ ಸುತ್ತಿನಲ್ಲಿ ಕುಮಾವನ್ನು ಆಫೀಸಿನಿಂದಲೇ ಹೊರಗೆ ಹಾಕಿದೆ. ತಿಂಗಳ ಬಾಡಿಗೆಗೆ ಸಿಗುವ ಸಣ್ಣ ವರ್ಚುವಲ್ ಸರ್ವರ್, ಅಂದರೆ ಬೇರೆಯವರ ದೊಡ್ಡ ಕಂಪ್ಯೂಟರಿನಲ್ಲಿ ಒಂದು ಪಾಲು, ಸಾಕು. ನಮ್ಮ ಆಫೀಸಿನ ಒಂದು ವಾರದ ಕಾಫಿ ತಿಂಡಿ ಬಿಲ್ಲಿಗಿಂತ ಕಡಿಮೆ. ಆದರೆ ಹೊರಗೆ ಹೋದ ತಕ್ಷಣ ಇನ್ನೊಂದು ತೊಂದರೆ. ನಮ್ಮ ಸರ್ವರ್‌ಗಳು ಒಳಗಿವೆ, ಹೊರಗಿನಿಂದ ತಟ್ಟುವುದಕ್ಕೆ ಬಾಗಿಲೇ ಇಲ್ಲ. ಇರಲೂಬಾರದು. ಸುಮ್ನೆ ಒಂದು ಪೋರ್ಟ್ ತೆರೆದುಬಿಡೋಣ ಅಂತ ಅರ್ಧ ಗಂಟೆ ಆಸೆ ಆಗಿದ್ದು ನಿಜ. ಸಾಲ ಠೇವಣಿ ಇರುವ ಜಾಗಕ್ಕೆ ಆ ಕೆಲಸ ಬೇಡ.

ಇದಕ್ಕೆ ಕುಮಾದಲ್ಲೇ ದಾರಿ ಇದೆ. ಪುಶ್ ಅನ್ನೋ ಬಗೆಯ ಮಾನಿಟರ್ (ಕಾವಲು) ಮಾಡಿದರೆ ಅದು ಒಂದು ಉದ್ದನೆಯ ಗುಟ್ಟಿನ ವಿಳಾಸ ಕೊಡುತ್ತದೆ. ಹೊರಗಿನವನು ಒಳಗೆ ಬಂದು ತಟ್ಟುವ ಬದಲು, ಒಳಗಿನವನು ನಿಮಿಷಕ್ಕೊಮ್ಮೆ ಆ ವಿಳಾಸಕ್ಕೆ “ನಾನು ಇದ್ದೇನೆ” ಅಂತ ಕೂಗಬೇಕು. ಕೂಗು ಕೇಳದಿದ್ದರೆ ಏನೋ ಆಗಿದೆ ಅಂತ ಲೆಕ್ಕ. ರಾತ್ರಿ ತೋಟ ಕಾಯುವವರು ಒಬ್ಬರಿಗೊಬ್ಬರು ಕೂ ಹಾಕಿಕೊಳ್ಳುತ್ತಾರಲ್ಲ, ಅದೇ ಥರ. ಒಳಗೆ ಹಳೇ ಡೆಸ್ಕ್‌ಟಾಪ್ ಹಾಗೇ ಉಳಿಯಿತು. ಅದರಲ್ಲಿ ಒಂದು ಪುಟ್ಟ ಸ್ಕ್ರಿಪ್ಟ್, ಅಂದರೆ ಕಮಾಂಡ್‌ಗಳ ಪಟ್ಟಿ. ಹೊತ್ತು ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಅದನ್ನು ನಿಮಿಷಕ್ಕೊಮ್ಮೆ ಓಡಿಸುತ್ತದೆ. ಒಂದೊಂದೇ ಸೇವೆಯನ್ನು ಪರೀಕ್ಷಿಸಿ, ಪಾಸಾದರೆ ಮಾತ್ರ ಆ ಸೇವೆಯ ವಿಳಾಸಕ್ಕೆ, ವೆಬ್ ವಿಳಾಸ ತೆರೆಯುವ ಕರ್ಲ್ ಅನ್ನೋ ಕಮಾಂಡ್‌ನಿಂದ, ಕೂಗು. ಶಾಖೆಗಳ ರೌಟರ್‌ಗಳನ್ನು ವಿಪಿಎನ್ (ಇಂಟರ್ನೆಟ್‌ನೊಳಗಿನ ನಮ್ಮದೇ ಖಾಸಗಿ ದಾರಿ) ಮೂಲಕ ಪಿಂಗ್ ಮಾಡುವುದೂ, ಅಂದರೆ ಇದ್ದೀಯಾ ಅಂತ ತಟ್ಟಿ ನೋಡುವುದೂ, ಇದೇ. ಕಾವಲುಗಾರನನ್ನು ಕಾಯುವವರೂ ಬೇಕು ಅಂತ, ಹೊರಗಿನ ಸರ್ವರ್ ಸತ್ತರೆ ಈ ಡೆಸ್ಕ್‌ಟಾಪ್ ನನ್ನ ಟೆಲಿಗ್ರಾಂಗೆ ಸಂದೇಶ ಹಾಕುವ ಹಾಗೆ ಮಾಡಿದೆ.

ಒಂದು ತಮಾಷೆ ಆಯಿತು. ಹೆಡ್ ಆಫೀಸಿನ ಇಂಟರ್ನೆಟ್ ಒಂದು ಸಲ ಹೋದಾಗ ಎಲ್ಲ ಕೂಗೂ ನಿಂತು, ಪುಟದಲ್ಲಿ ಇದ್ದದ್ದೆಲ್ಲ ಒಟ್ಟಿಗೆ ಕೆಂಪಾಯಿತು. ಸಾಗರದ ಕಡೆಯಿಂದ ಫೋನ್: “ಹ್ಯಾಕ್ ಆಯ್ತಾ?” ಹಾಗಾಗಿ ಹೆಡ್ ಆಫೀಸಿನ ಲೈನನ್ನು ಮಾತ್ರ ಹೊರಗಿನಿಂದಲೇ ಪಿಂಗ್ ಮಾಡುತ್ತೇನೆ. ಅದು ಹೋದರೆ ಉಳಿದ ಪಟ್ಟಿಗಳನ್ನು ತೋರಿಸುವುದೇ ಇಲ್ಲ. ಒಂದೇ ಸಾಲು: ‘ಹೆಡ್ ಆಫೀಸಿನ ಇಂಟರ್ನೆಟ್ ಹೋಗಿದೆ. ಅದು ಬರುವ ತನಕ ಯಾವ ಶಾಖೆಗೂ ಏನೂ ಸಿಗುವುದಿಲ್ಲ.’

ಇನ್ನು ಪಟ್ಟಿಯಲ್ಲಿ ಏನು ಬರೆಯಬೇಕು ಅನ್ನುವುದು. ಇದಕ್ಕೆ ಹಿಡಿದಷ್ಟು ಹೊತ್ತು ಸ್ಕ್ರಿಪ್ಟಿಗೆ ಹಿಡಿಯಲಿಲ್ಲ. ನನ್ನ ಮೊದಲ ಪಟ್ಟಿ ಹೀಗಿತ್ತು: ಡೇಟಾಬೇಸ್ ಸರ್ವರ್, ಆ್ಯಪ್ ಸರ್ವರ್, ವಿಪಿಎನ್ ಗೇಟ್‌ವೇ, ಡಿಎನ್‌ಎಸ್, ಎಸ್‌ಎಂಎಸ್ ಗೇಟ್‌ವೇ, ಬ್ಯಾಕಪ್. ಶಾಖೆಗೆ ಹೋದಾಗ ಕ್ಯಾಷಿಯರ್ ಅಕ್ಕನ ಪಕ್ಕ ಕೂತು ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದರು.

“ಇದು ಡೇಟಾಬೇಸ್ ಕೆಂಪು ಆದ್ರೆ ನಾನು ದುಡ್ಡು ತಗೋಬಹುದಾ, ಬೇಡವಾ?”

“ಬೇಡ.”

“ಆ್ಯಪ್ ಸರ್ವರ್ ಕೆಂಪಾದ್ರೆ?”

“ಆಗಲೂ ಬೇಡ.”

“ಬ್ಯಾಕಪ್?”

“ಅದಾದ್ರೆ ತಗೋಬಹುದು. ಅದು ನನ್ನ ತಲೆನೋವು.”

“ಹಂಗಾದ್ರೆ ನಿನ್ನ ತಲೆನೋವು ನನಗ್ಯಾಕೆ ತೋರಿಸ್ತೀಯ ತಮ್ಮ?”

ವಾಪಸ್ ಬರುವ ಬಸ್ಸಿನಲ್ಲಿ, ಮಂಡಗದ್ದೆ ದಾಟುವಷ್ಟರಲ್ಲಿ, ಹೊಸ ಪಟ್ಟಿ ಬರೆದೆ. ಹಣ ಕಟ್ಟುವುದು ಮತ್ತು ತೆಗೆಯುವುದು. ಪಾಸ್‌ಬುಕ್ ಪ್ರಿಂಟ್. ಅಡಿಕೆ ತೂಕದ ಚೀಟಿ. ಬೇರೆ ಬ್ಯಾಂಕಿಗೆ ಹಣ ಕಳಿಸುವುದು. ಸದಸ್ಯರಿಗೆ ಹೋಗುವ ಎಸ್‌ಎಂಎಸ್. ಅದರ ಕೆಳಗೆ ಶಾಖೆಗಳ ಹೆಸರು. ಅಷ್ಟೇ. ಯಂತ್ರದ ಹೆಸರು ಒಂದೂ ಇಲ್ಲ, ಕೌಂಟರಿನ ಕೆಲಸದ ಹೆಸರು ಮಾತ್ರ. ಒಂದು ಕೆಲಸದ ಹಿಂದೆ ಎರಡೋ ಮೂರೋ ಸರ್ವರ್ ಇರಬಹುದು, ಅದರಲ್ಲಿ ಯಾವುದು ಬಿದ್ದರೂ ಆ ಕೆಲಸ ಕೆಂಪು. ಬ್ಯಾಕಪ್ಪು, ಡಿಸ್ಕು, ಎಸ್‌ಎಸ್‌ಎಲ್ ಪ್ರಮಾಣಪತ್ರದ ಅವಧಿ ಇವೆಲ್ಲ ನಾನೊಬ್ಬನೇ ನೋಡುವ ಬೇರೆ ಪುಟಕ್ಕೆ ಹೋದವು. ಊರಿಗೆಲ್ಲ ಕಾಣುವ ಪುಟದಲ್ಲಿ ಸರ್ವರ್ ಹೆಸರು, ಐಪಿ ವಿಳಾಸ ಇಲ್ಲದಿದ್ದರೆ ಕಳ್ಳರಿಗೂ ಕೆಲಸ ಕಷ್ಟ.

ಬೇರೆ ಬ್ಯಾಂಕಿಗೆ ಹಣ ಕಳಿಸುವ ಸಾಲಿನ ಕೆಳಗೆ ಮಾತ್ರ ಒಂದು ಖಾಯಂ ಟಿಪ್ಪಣಿ ಹಾಕಿದೆ. ನೆಫ್ಟ್ ಅರ್ಧ ಗಂಟೆಗೊಂದು ಬ್ಯಾಚಿನಲ್ಲಿ ಹೋಗುತ್ತದೆ. 10:05ಕ್ಕೆ ಕಳಿಸಿದ್ದು 10:10ಕ್ಕೆ ಆ ಕಡೆ ಬಂದಿಲ್ಲ ಅಂದರೆ ಅದು ಕೆಟ್ಟಿದ್ದಲ್ಲ. ಈ ಒಂದು ಸಾಲಿನಿಂದ ಉಳಿದ ಫೋನ್ ಎಷ್ಟೋ.

ಜುಲೈನಲ್ಲಿ ಹಸಿರು ಸುಳ್ಳು ಹೇಳಿತು. ಪುಟದಲ್ಲಿ ಎಲ್ಲ ಹಸಿರು, ಕೌಂಟರಿನಲ್ಲಿ ಎಲ್ಲ ಬಂದ್. ಆಗಿದ್ದು ಇಷ್ಟು. ನನ್ನ ಸ್ಕ್ರಿಪ್ಟ್ ಸಾಫ್ಟ್‌ವೇರ್‌ನ ಲಾಗಿನ್ ಪುಟವನ್ನು ತೆರೆದು, 200 (ವೆಬ್ ಭಾಷೆಯಲ್ಲಿ ‘ಪುಟ ಸಿಕ್ಕಿತು’) ಅಂತ ಉತ್ತರ ಬಂದರೆ ಸರಿ ಅಂದುಕೊಳ್ಳುತ್ತಿತ್ತು. ಲೆಕ್ಕವೆಲ್ಲ ಇರುವ ಡೇಟಾಬೇಸ್‌ನ ಡಿಸ್ಕ್ ತುಂಬಿ ಹೋಗಿದ್ದರೂ ಲಾಗಿನ್ ಪುಟ ಚೆಂದಕ್ಕೆ ಬರುತ್ತದೆ. ಅದಕ್ಕೆ ಡೇಟಾಬೇಸ್ ಬೇಕಿಲ್ಲವಲ್ಲ. ಅಂಗಡಿ ಬಾಗಿಲು ತೆಗೆದಿದೆ, ಒಳಗೆ ಸಾಮಾನಿಲ್ಲ. ಇದಕ್ಕಿಂತ ಪುಟ ಇಲ್ಲದಿದ್ದರೇ ವಾಸಿ. ಒಮ್ಮೆ ಸುಳ್ಳು ಹೇಳಿದರೆ ಆಮೇಲೆ ಯಾರೂ ನೋಡುವುದಿಲ್ಲ, ಮತ್ತೆ ಫೋನೇ.

ಹಾಗಾಗಿ ನಿಜವಾದ ಕೆಲಸವನ್ನೇ ಮಾಡಿ ನೋಡಬೇಕು ಅಂತ ಆಯಿತು. ಸ್ಕ್ರಿಪ್ಟ್ ಈಗ ಲಾಗಿನ್ ಆಗಿ, ಒಂದು ಖಾತೆ ತೆರೆದು, ಆ ಪುಟದಲ್ಲಿ ಬರಲೇಬೇಕಾದ ಪದ ಇದೆಯಾ ಅಂತ ಹುಡುಕುತ್ತದೆ. ಮೊದಲು ‘ಪರೀಕ್ಷಾ ಖಾತೆ’ ಅಂತ ಹೆಸರಿಟ್ಟು ಒಂದು ರೂಪಾಯಿ ಹಾಕೋಣ ಅಂದುಕೊಂಡೆ. ಆಡಿಟರ್ ನೆನಪಾದರು, ಬಿಟ್ಟೆ. ನನ್ನದೇ ಎಸ್‌ಬಿ ಖಾತೆ ಕೊಟ್ಟಿದ್ದೇನೆ. ನೋಡುವುದಕ್ಕೆ ಮಾತ್ರ ಅನುಮತಿ ಇರುವ ಬೇರೆ ಲಾಗಿನ್. ತಿಂಗಳ ಕೊನೆಗೆ ಅದರಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ, ಆದರೂ ಪದ ಸಿಗುತ್ತದೆ.

ಪದ ಸಿಗುತ್ತದೆ ಅಂದೆನಲ್ಲ, ಮೊದಲ ಎರಡು ದಿನ ಸಿಗಲಿಲ್ಲ. ಹುಡುಕುತ್ತಿದ್ದದ್ದು ‘ಬ್ಯಾಲೆನ್ಸ್ ರೂ’ ಅಂತ. ಪರದೆಯಲ್ಲಿ ಕಣ್ಣಿಗೆ ಕಾಣುತ್ತಿದೆ, ಸ್ಕ್ರಿಪ್ಟಿಗೆ ಕಾಣುವುದಿಲ್ಲ. ಕೊನೆಗೆ ಬೈಟ್‌ಗಳನ್ನೇ ತೆಗೆದು ನೋಡಿದೆ. ‘ಪಾಸ್‌ಬುಕ್’ ಬರೆಯುವಾಗ ಸ ಕೆಳಗೆ ಬ ಒತ್ತಾಗಿ ಕೂರಬಾರದು ಅಂತ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಸಾಫ್ಟ್‌ವೇರ್ ಬರೆದವರ ಕೀಬೋರ್ಡ್ ಅದನ್ನು ‘ಬ್ಯಾಲೆನ್ಸ್’ ಕೊನೆಯಲ್ಲೂ ಹಾಕಿಬಿಟ್ಟಿತ್ತು. ಪದದ ಕೊನೆಯಲ್ಲಿ ಅದರಿಂದ ಏನೂ ಬದಲಾಗಿ ಕಾಣುವುದಿಲ್ಲ. ಕಂಪ್ಯೂಟರಿಗೆ ಮಾತ್ರ ಅದು ಬೇರೆಯೇ ಪದ. ಕನ್ನಡದಲ್ಲಿ ಪದ ಹುಡುಕುವ ಪರೀಕ್ಷೆ ಇಡುವವರು ಹುಡುಕುವ ಮುಂಚೆ ಎರಡೂ ಕಡೆಯಿಂದ ಆ ಅಕ್ಷರವನ್ನು ತೆಗೆದುಬಿಡಿ. ನನ್ನ ಹಾಗೆ ಎರಡು ದಿನ ಕನ್ನಡಕ ಒರೆಸುತ್ತಾ ಕೂರುವುದು ಬೇಡ.

ಕುಮಾದ್ದೇ ಸ್ಥಿತಿ ಪುಟ ಚೆನ್ನಾಗಿದೆ, ಆದರೆ ನಮ್ಮ ಕಡೆಗೆ ಭಾರ. ಶಾಖೆಯ ಲೈನ್ ಹೋದಾಗಲೇ ತಾನೆ ಈ ಪುಟ ಬೇಕಾಗುವುದು? ಆಗ ಉಳಿಯುವುದು ಮೊಬೈಲ್ ಸಿಗ್ನಲ್ಲು. ಆಗುಂಬೆ ಕಡೆಯ ಶಾಖೆಯಲ್ಲಿ ಕಿಟಕಿ ಪಕ್ಕ ನಿಂತರೆ ಒಂದು ಕಡ್ಡಿ, ಮಳೆ ಜೋರಾದರೆ ಅದೂ ಇಲ್ಲ. ಅಲ್ಲಿ ಚಕ್ರ ತಿರುಗುತ್ತಲೇ ಇತ್ತು, ಪುಟ ಬರಲಿಲ್ಲ.

ಕುಮಾ ತನ್ನ ಮಾಹಿತಿಯನ್ನು ಜೇಸನ್ ರೂಪದಲ್ಲೂ, ಅಂದರೆ ಬೇರೆ ಪ್ರೋಗ್ರಾಮುಗಳು ಓದುವ ಪಠ್ಯವಾಗಿಯೂ, ಕೊಡುತ್ತದೆ. 0 ಅಂದರೆ ಬಿದ್ದಿದೆ, 1 ಅಂದರೆ ಇದೆ, 2 ಅಂದರೆ ಇನ್ನೂ ಖಚಿತ ಇಲ್ಲ, 3 ಅಂದರೆ ನಾವೇ ರಿಪೇರಿಗೆ ನಿಲ್ಲಿಸಿದ್ದೇವೆ. ಹೊರಗಿನ ಸರ್ವರ್‌ನಲ್ಲೇ ಒಂದು ಪೈಥಾನ್ ಸ್ಕ್ರಿಪ್ಟ್ ನಿಮಿಷಕ್ಕೊಮ್ಮೆ ಅದನ್ನು ಓದಿ ಒಂದು ಬರೀ ಎಚ್‌ಟಿಎಂಎಲ್ ಕಡತ ಬರೆದಿಡುತ್ತದೆ. ಚಿತ್ರ ಇಲ್ಲ, ಫಾಂಟ್ ಇಳಿಸುವುದಿಲ್ಲ, ಮೊಬೈಲಿನಲ್ಲಿ ಇರುವ ಕನ್ನಡ ಫಾಂಟೇ ಸಾಕು. ಸರ್ವರ್‌ಗಳು ಮೊದಲ ಸುತ್ತಿನಲ್ಲಿ, ಮೊಬೈಲಿನಿಂದ ‘ತಲುಪಿತು’ ಅಂತ ಉತ್ತರ ಬರುವ ಮುಂಚೆ, ಸಾಮಾನ್ಯವಾಗಿ ಹತ್ತು ಪ್ಯಾಕೆಟ್ (ಮಾಹಿತಿಯ ತುಂಡು) ಕಳಿಸುತ್ತವೆ, ಅಂದರೆ ಸುಮಾರು 14 ಕೆಬಿ. ಪುಟ ಅದರೊಳಗೆ ಹಿಡಿದರೆ ಎರಡನೇ ಸುತ್ತಿಗೆ ಕಾಯುವ ಕೆಲಸ ಇಲ್ಲ. ಕನ್ನಡಕ್ಕೆ ಇಲ್ಲಿ ಸ್ವಲ್ಪ ಬಿಗಿ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಚಿಹ್ನೆಗೂ 3 ಬೈಟ್. ‘ಸ್ತ್ರೀ’ ಅಂತ ಒಂದು ಅಕ್ಷರ ಬರೆದರೆ ಒಳಗೆ ಆರು ಚಿಹ್ನೆ, 18 ಬೈಟ್. ಜಿಜಿಪ್ ಮಾಡಿ, ಅಂದರೆ ಒತ್ತಿ ಚಿಕ್ಕದು ಮಾಡಿ, ಕಳಿಸಿದ್ದಕ್ಕೆ ಎಲ್ಲ ಸೇರಿ 5 ಕೆಬಿ ಒಳಗೆ ಬಂತು. ಈಗ ಕಿಟಕಿ ಪಕ್ಕದ ಒಂದು ಕಡ್ಡಿಗೂ ಪುಟ ತೆರೆಯುತ್ತದೆ.

ಬಣ್ಣದ ಪಕ್ಕ ಪದವೂ ಬೇಕು. ಕೆಂಪು ಹಸಿರು ಎರಡೂ ಒಂದೇ ಥರ ಕಾಣುವವರು ನಮ್ಮಲ್ಲೇ ಒಬ್ಬರಿದ್ದಾರೆ ಅಂತ ಆಗಲೇ ನನಗೆ ಗೊತ್ತಾಗಿದ್ದು. ‘ನಡೀತಿದೆ’, ‘ನಿಂತಿದೆ’, ‘ತಡವರಿಸ್ತಿದೆ’, ‘ನಾವೇ ನಿಲ್ಲಿಸಿದ್ದೇವೆ’ ಅಂತ ದೊಡ್ಡದಾಗಿ ಬರೆದೆ.

ಪುಟದ ತಲೆಯ ಮೇಲೆ ಕೊನೆಯ ಸಲ ನೋಡಿದ ಸಮಯ ಇರುತ್ತದೆ. ಹಾಕಿದ ಮಾರನೇ ದಿನ ಹೊಸನಗರದ ಮ್ಯಾನೇಜರ್ರು ಕೇಳಿದರು, “ಬೆಳಗಿನ ಜಾವ 4:40ಕ್ಕೆ ಎದ್ದು ಚೆಕ್ ಮಾಡ್ತೀರಾ? ಆಮೇಲೆ ಮಾಡಲ್ವಾ?” ಆಗ ಗಂಟೆ ಹತ್ತೂ ಹತ್ತು. ಬಾಡಿಗೆ ಸರ್ವರ್ ಯುಟಿಸಿ, ಅಂದರೆ ಜಗತ್ತಿನ ಪ್ರಮಾಣ ಸಮಯದಲ್ಲಿತ್ತು, ನಾವು ಐದೂವರೆ ಗಂಟೆ ಮುಂದೆ. ಸರಿ ಮಾಡುವುದಕ್ಕೆ ಅರ್ಧ ನಿಮಿಷ. ಆದರೆ ಆ ಪ್ರಶ್ನೆಯಿಂದ ಇನ್ನೊಂದು ಹೊಳೆಯಿತು. ಯಾರಾದರೂ ಬೆಳಿಗ್ಗೆ ತೆರೆದಿಟ್ಟ ಪುಟವನ್ನೇ ಮಧ್ಯಾಹ್ನ ನೋಡಿದರೆ? ಸಿಗ್ನಲ್ ಇಲ್ಲದೆ ಹೊಸದು ಬಂದಿರದಿದ್ದರೆ? ನಾಲ್ಕು ಸಾಲಿನ ಜಾವಾಸ್ಕ್ರಿಪ್ಟ್ ಸೇರಿಸಿದೆ. ಪುಟದ ಸಮಯ ಐದು ನಿಮಿಷಕ್ಕಿಂತ ಹಳತಾದರೆ ಎಲ್ಲ ಬಣ್ಣವೂ ಬೂದು ಆಗಿ, ‘ಇದು ಹಳೇ ಸುದ್ದಿ’ ಅಂತ ಬರುತ್ತದೆ.

ಮೇಲಿನವರನ್ನು ಒಪ್ಪಿಸುವುದು ಬೇರೆ ಕಥೆ. “ನಮ್ಮಲ್ಲಿ ಕೆಟ್ಟಿದೆ ಅಂತ ನಾವೇ ಡಂಗುರ ಸಾರೋದಾ?” ಅಂತ ಒಬ್ಬ ನಿರ್ದೇಶಕರು ಕೇಳಿದರು. ಕೌಂಟರ್ ಮುಂದೆ ಒಂದು ಗಂಟೆ ನಿಂತು ವಾಪಸ್ ಹೋದ ಸದಸ್ಯರು ಅದನ್ನು ಸಂತೆಯಲ್ಲಿ ಹೇಳದೆ ಇರುತ್ತಾರಾ ಅಂತ ನಾನು ಕೇಳಲಿಲ್ಲ. ಅಧ್ಯಕ್ಷರೇ ಕೇಳಿದರು. ಕೊನೆಗೆ ಸಿಬ್ಬಂದಿಗೆ ಮಾತ್ರ ವಿಳಾಸ ಕೊಡುವುದು, ಹುಡುಕಾಟದಲ್ಲಿ ಸಿಗದಂತೆ ಮಾಡುವುದು ಅಂತ ತೀರ್ಮಾನ ಆಯಿತು. ಕ್ಯೂಆರ್ ಚೀಟಿ ಲ್ಯಾಮಿನೇಟ್ ಮಾಡಿಸಿ ಕೌಂಟರಿನ ಒಳಬದಿಗೆ ಅಂಟಿಸಿದೆವು. ಮಳೆಗಾಲದ ತೇವಕ್ಕೆ ಆಗಸ್ಟ್ ಹೊತ್ತಿಗೆ ಅರ್ಧಕ್ಕರ್ಧ ಚೀಟಿ ಸುರುಳಿ ಸುತ್ತಿಕೊಂಡಿದ್ದವು. ಈಗ ವಿಳಾಸವನ್ನೇ ಮಾರ್ಕರ್‌ನಲ್ಲಿ ಮಾನಿಟರ್ ಅಂಚಿಗೆ ಬರೆದಿದ್ದಾರೆ.

ಯಂತ್ರಕ್ಕೆ ಗೊತ್ತಾಗದ್ದನ್ನು ಕೈಯಲ್ಲಿ ಬರೆಯಬೇಕು. ಅದಕ್ಕೊಂದು ಪುಟ್ಟ ಫಾರಂ ಮಾಡಿದ್ದೇನೆ, ಮೊಬೈಲಿನಿಂದಲೂ ಆಗುತ್ತದೆ. ನಾನು ಘಾಟಿಯಲ್ಲಿ ಸಿಗ್ನಲ್ ಇಲ್ಲದೆ ಇದ್ದರೆ ಲೆಕ್ಕದ ಹುಡುಗ ಬರೆಯುತ್ತಾನೆ. ಮಂಡಗದ್ದೆ ಹತ್ತಿರ ಮರ ಬಿದ್ದು ಕೇಬಲ್ ಕಡಿದ ದಿನ ಅವನು ಮೊದಲು ಬರೆದದ್ದು ಹೀಗಿತ್ತು: ‘ತಾಂತ್ರಿಕ ಕಾರಣಗಳಿಂದ ಸೇವೆಯಲ್ಲಿ ವ್ಯತ್ಯಯ ಉಂಟಾಗಿದ್ದು, ಶೀಘ್ರದಲ್ಲೇ ಸರಿಪಡಿಸಲಾಗುವುದು.’ ಫೋನಿನಲ್ಲೇ ಅಳಿಸಿಸಿದೆ. ಹಾಕಿದ್ದು ಇದು: ‘10:20. ತೀರ್ಥಹಳ್ಳಿ ಕಡೆಯ ಎರಡು ಶಾಖೆಗೆ ಲೈನ್ ಇಲ್ಲ, ಮರ ಬಿದ್ದು ಕೇಬಲ್ ಕಡಿದಿದೆ. ಹಣ ಕಟ್ಟಿಸಿಕೊಂಡು ಕೈ ರಸೀದಿ ಕೊಡಿ, ತೆಗೆಯಲು ಬಂದವರಿಗೆ ಮಧ್ಯಾಹ್ನದ ಮೇಲೆ ಬರಲು ಹೇಳಿ. ಮುಂದಿನ ಸುದ್ದಿ 11:00ಕ್ಕೆ.’ ಎಷ್ಟು ಹೊತ್ತಿಗೆ ಸರಿಯಾಗುತ್ತದೆ ಅಂತ ನಾವು ಬರೆಯುವುದಿಲ್ಲ, ಅದು ನಮ್ಮ ಕೈಯಲ್ಲಿಲ್ಲ. ಮುಂದಿನ ಸುದ್ದಿ ಎಷ್ಟು ಹೊತ್ತಿಗೆ ಅನ್ನುವುದು ನಮ್ಮ ಕೈಯಲ್ಲಿದೆ. 11 ಗಂಟೆಗೆ ಹೇಳುವುದಕ್ಕೆ ಏನೂ ಹೊಸತಿರಲಿಲ್ಲ. ‘ಇನ್ನೂ ಮರ ತೆಗೆಯುತ್ತಿದ್ದಾರೆ’ ಅಂತಲೇ ಬರೆದೆವು. ಆ ಎರಡು ಶಾಖೆಯಿಂದ ಅವತ್ತು ಬಂದದ್ದು ಒಂದೇ ಫೋನ್, ಅದೂ ಕೈ ರಸೀದಿ ಪುಸ್ತಕ ಎಲ್ಲಿದೆ ಅಂತ ಕೇಳುವುದಕ್ಕೆ.

ಉಳಿದದ್ದು ಸಣ್ಣಪುಟ್ಟ. ಮಳೆಗೆ ಲೈನು ಹೋಗಿ ಬಂದು ಮಾಡುವುದರಿಂದ ಒಂದು ಕೂಗು ತಪ್ಪಿದ ಕೂಡಲೇ ಕೆಂಪು ಮಾಡುವುದಿಲ್ಲ. ಮೂರು ಸಲ ಮತ್ತೆ ನೋಡುತ್ತದೆ, ಅಲ್ಲಿ ತನಕ ಹಳದಿ, ‘ತಡವರಿಸ್ತಿದೆ’. ಸಂಜೆ ಶಾಖೆಯವರು ಹೊರಡುವಾಗ ರೌಟರ್ ಸ್ವಿಚ್ ಆಫ್ ಮಾಡುತ್ತಾರೆ, ಹಾಗಾಗಿ ಕಚೇರಿ ಸಮಯ ಮುಗಿದ ಮೇಲೆ ‘ಶಾಖೆ ಬಾಗಿಲು ಹಾಕಿದೆ’ ಅಂತ ಮಾತ್ರ. ಇಲ್ಲದಿದ್ದರೆ ದಿನಾ ರಾತ್ರಿ ಹನ್ನೊಂದು ಸಲ ನನ್ನ ಫೋನ್ ಕಿರುಚುತ್ತಿತ್ತು. ತೂಕದ ಚೀಟಿ ಸಾಲು ಮಾತ್ರ ವಾರಕ್ಕೊಮ್ಮೆ ಕಾರಣವಿಲ್ಲದೆ ಹಳದಿಯಾಗುತ್ತಿತ್ತು. ಹೋಗಿ ಡಬ್ಬಿ ಬಿಚ್ಚಿದರೆ ನೆಟ್‌ವರ್ಕ್ ಸ್ವಿಚ್ಚಿನ ತೂತುಗಳಲ್ಲಿ ಇರುವೆ ಗೂಡು, ಮೊಟ್ಟೆ ಸಮೇತ.

ಕಳೆದ ವಾರ ಕ್ಯಾಷಿಯರ್ ಅಕ್ಕನದ್ದೇ ಹೊಸ ತಕರಾರು. “ನಿನ್ನ ಪುಟ ಕೆಂಪಾಗೋಕೆ ನಾಲ್ಕು ನಿಮಿಷ ಬೇಕು. ನನಗೆ ಇಲ್ಲಿ ಮೊದಲನೇ ಎಂಟ್ರಿಗೇ ಗೊತ್ತಾಗುತ್ತೆ.” ನ್ಯಾಯವೇ. ಪ್ರತಿ ಸಾಲಿನ ಪಕ್ಕ ‘ನನಗೆ ಬರ್ತಿಲ್ಲ’ ಅಂತ ಒಂದು ಗುಂಡಿ ಇಟ್ಟಿದ್ದೇನೆ. ಐದು ನಿಮಿಷದೊಳಗೆ ಎರಡು ಬೇರೆ ಬೇರೆ ಶಾಖೆಯವರು ಒತ್ತಿದರೆ ಸ್ಕ್ರಿಪ್ಟ್ ಏನೇ ಹೇಳಲಿ, ಆ ಸಾಲು ಹಳದಿ. ಹಾಕಿದ ದಿನ ಮಧ್ಯಾಹ್ನದೊಳಗೆ ಹದಿನೇಳು ಸಲ ಒತ್ತಿದ್ದರು, ಹದಿನೇಳೂ ಒಂದೇ ಶಾಖೆಯಿಂದ. ಫೋನ್ ಮಾಡಿ ಕೇಳಿದೆ.

“ಕೆಲಸ ಮಾಡುತ್ತಾ ಅಂತ ನೋಡ್ತಿದ್ದೆ ತಮ್ಮ.”